ಗುಪ್ತಪದದ ಕಟ್ಟಳೆಗಳು: ತಪ್ಪು ಬಳಕೆದಾರನದೇ?

ಅಂತರಜಾಲದಲ್ಲಿ ಹೊಸ ಖಾತೆ ತೆರೆಯುವಾಗ ನೀವು ಈ ಸೂಚನೆಯನ್ನು ಓದಿಯೇ ಇರುತ್ತೀರಿ: ಗುಪ್ತಪದದಲ್ಲಿ ಕನಿಷ್ಠ ಎಂಟು ಅಕ್ಷರಗಳಿರಬೇಕು, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಕಡ್ಡಾಯ. ಕಚೇರಿಯ ಗಣಕವಾದರೆ ಮೂರು ತಿಂಗಳಿಗೊಮ್ಮೆ ಅದನ್ನು ಬದಲಿಸಲೂಬೇಕು. ಇಷ್ಟೆಲ್ಲ ಮಾಡಿಯೂ ಖಾತೆ ಕಳವಾದರೆ ಬೈಗುಳ ಬೀಳುವುದು ಬಳಕೆದಾರನಿಗೆ. ಇದು ನ್ಯಾಯವೆ?

ಇಂಥ ಕಟ್ಟಳೆಗಳು ಜಗತ್ತಿನಾದ್ಯಂತ ಹರಡಲು ಮುಖ್ಯ ಕಾರಣ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ (ನಿಸ್ಟ್) 2004ರಲ್ಲಿ ಪ್ರಕಟಿಸಿದ 800-63 ಸಂಖ್ಯೆಯ ಮಾರ್ಗಸೂಚಿ. ಗುಪ್ತಪದದ ಬಲವನ್ನು ಅಳೆಯಲು ಅದು ಆಧರಿಸಿದ್ದು ಇಂಗ್ಲಿಷ್ ಬರವಣಿಗೆಯ ಬಗ್ಗೆ ಕ್ಲಾಡ್ ಶ್ಯಾನನ್ 1951ರಲ್ಲಿ ಮಾಡಿದ ಅಂದಾಜನ್ನು. ದೊಡ್ಡಕ್ಷರ ಮತ್ತು ಚಿಹ್ನೆಗಳನ್ನು ಕಡ್ಡಾಯ ಮಾಡಿದರೆ 6 ಬಿಟ್, ಅಂದರೆ 64 ಪಟ್ಟು, ಬಲ ಹೆಚ್ಚುತ್ತದೆಂದು ಅದು ಲೆಕ್ಕ ಹಾಕಿತು. ಮೊದಲ ದೋಷ ಇಲ್ಲಿದೆ. ಬರವಣಿಗೆಯ ನಿಯಮ ಬೇರೆ, ಅವಸರದಲ್ಲಿ ಗುಪ್ತಪದ ಆರಿಸುವ ಮನುಷ್ಯನ ಸ್ವಭಾವ ಬೇರೆ. ದೊಡ್ಡಕ್ಷರ ಕೇಳಿದರೆ ಮೊದಲಿಗೇ ಹಾಕುತ್ತೇವೆ. ಅಂಕಿ ಕೇಳಿದರೆ ಕೊನೆಗೆ 1 ಸೇರಿಸುತ್ತೇವೆ. ಇದು ಕಳ್ಳನಿಗೂ ಗೊತ್ತು.

2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಗುಪ್ತಪದಗಳು ಸೋರಿಹೋದವು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಕಂಡದ್ದು 123456. ಈ ಪಟ್ಟಿಯನ್ನು ಬಳಸಿ 2010ರಲ್ಲಿ ಸಂಶೋಧಕರು ಪರೀಕ್ಷಿಸಿದಾಗ ನಿಸ್ಟ್‌ನ ಅಂದಾಜು ವಾಸ್ತವಕ್ಕೆ ಹೊಂದಲಿಲ್ಲ. ಇನ್ನೊಂದು ಮಾತನ್ನೂ ಗಮನಿಸಿ: ಆ ಕಂಪನಿ ಗುಪ್ತಪದಗಳನ್ನು ಗೂಢಲಿಪಿಗೆ ಬದಲಿಸದೆ ಇದ್ದ ಹಾಗೆಯೇ ಇಟ್ಟಿತ್ತು. ಎಷ್ಟೇ ಜಾಣ ಗುಪ್ತಪದವಾದರೂ ಅಲ್ಲಿ ನಿಷ್ಪ್ರಯೋಜಕ.

ಆಗಾಗ ಬದಲಿಸುವ ನಿಯಮದ ಪಾಡೂ ಅಷ್ಟೇ. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ 7,700ಕ್ಕೂ ಹೆಚ್ಚು ಖಾತೆಗಳನ್ನು ಅಧ್ಯಯನ ಮಾಡಿದರು. ಹಳೆಯ ಗುಪ್ತಪದ ಗೊತ್ತಿದ್ದರೆ ಹೊಸದನ್ನು ಶೇಕಡಾ 41ರಷ್ಟು ಸಂದರ್ಭಗಳಲ್ಲಿ ಕೆಲವೇ ಸೆಕೆಂಡುಗಳಲ್ಲಿ ಊಹಿಸಬಹುದಿತ್ತು. ಜನ 1 ಇದ್ದಲ್ಲಿ 2 ಮಾಡುತ್ತಿದ್ದರು, ಅಷ್ಟೆ.

ಮಾರ್ಗಸೂಚಿಯಲ್ಲಿ ಒಳ್ಳೆಯದೇನೂ ಇರಲಿಲ್ಲವೆಂದಲ್ಲ. ಗುಪ್ತಪದವನ್ನು ಸಾಮಾನ್ಯ ಪದಗಳ ಪಟ್ಟಿಯೊಡನೆ ಹೋಲಿಸಿ ನೋಡುವ ಸಲಹೆ ಅದರಲ್ಲೂ ಇತ್ತು. ಆದರೆ ಬಹುತೇಕ ಕಚೇರಿಗಳು ಹಿಡಿದುಕೊಂಡದ್ದು ಚಿಹ್ನೆಗಳ ಕಟ್ಟಳೆಯನ್ನು.

ಸಣ್ಣ ಲೆಕ್ಕವೊಂದನ್ನು ನೋಡಿ. ಸೆಕೆಂಡಿಗೆ 1,000 ಕೋಟಿ ಊಹೆ ಮಾಡುವ ಯಂತ್ರವಿದೆಯೆನ್ನಿ. ಇಂಗ್ಲಿಷ್ ಕೀಲಿಮಣೆಯ 94 ಅಕ್ಷರ, ಅಂಕಿ, ಚಿಹ್ನೆಗಳಿಂದ ಯಾದೃಚ್ಛಿಕವಾಗಿ ಆರಿಸಿದ 8 ಅಕ್ಷರಗಳ ಎಲ್ಲ ಸಾಧ್ಯತೆಗಳನ್ನೂ ಅದು ಸುಮಾರು 7 ದಿನಗಳಲ್ಲಿ ಮುಗಿಸುತ್ತದೆ. ಬರೀ 26 ಸಣ್ಣಕ್ಷರಗಳಿಂದ ಹಾಗೆಯೇ ಆರಿಸಿದ 12 ಅಕ್ಷರಗಳಿಗೆ ಸುಮಾರು 110 ದಿನ ಬೇಕು. 16 ಅಕ್ಷರಗಳಿಗಾದರೆ ಲಕ್ಷಕ್ಕೂ ಹೆಚ್ಚು ವರ್ಷ! ಚಿಹ್ನೆಗಿಂತ ಉದ್ದವೇ ಮೇಲು.

ಮಾರ್ಗಸೂಚಿಯ ಕರ್ತೃ ಬಿಲ್ ಬರ್ ತಮ್ಮ ಸಲಹೆಗಳಲ್ಲಿ ಬಹುಪಾಲಿಗೆ ವಿಷಾದಿಸುವುದಾಗಿ 2017ರಲ್ಲಿ ಹೇಳಿದರು. ಅದೇ ವರ್ಷ ನಿಸ್ಟ್ ಚಿಹ್ನೆಗಳ ಕಡ್ಡಾಯವನ್ನೂ ಕಾರಣವಿಲ್ಲದ ಬದಲಾವಣೆಯನ್ನೂ ಕೈಬಿಡಲು ಸೂಚಿಸಿತು. 2025ರ ಪರಿಷ್ಕರಣೆಯಂತೆ, ಗುಪ್ತಪದವೊಂದೇ ಕಾವಲಾಗಿರುವೆಡೆ ಕನಿಷ್ಠ 15 ಅಕ್ಷರಗಳಿರಬೇಕು. ತಪ್ಪನ್ನು ಒಪ್ಪಿ ತಿದ್ದಿಕೊಂಡದ್ದು ವಿಜ್ಞಾನಕ್ಕೆ ತಕ್ಕ ನಡೆ. ಹಳೆಯ ಕಟ್ಟಳೆಯನ್ನೇ ಇನ್ನೂ ಜಪಿಸುವ ಸಂಸ್ಥೆಗಳ ಬಗ್ಗೆ ಹಾಗೆ ಹೇಳಲಾಗದು.

ನೀವೇನು ಮಾಡಬಹುದು? ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸಿ ಉದ್ದದ ಗುಪ್ತಪದ ಮಾಡಿಕೊಳ್ಳಿ. ಒಂದು ಖಾತೆಯದನ್ನು ಇನ್ನೊಂದಕ್ಕೆ ಬಳಸಬೇಡಿ. ಎರಡನೆಯ ಹಂತದ ಪರಿಶೀಲನೆ ಇರುವೆಡೆ ಅದನ್ನು ಬಳಸಿ. ಜೊತೆಗೆ, ನಿಮ್ಮ ಗುಪ್ತಪದವನ್ನು ಹೇಗೆ ಕಾಪಾಡುತ್ತೀರೆಂದು ಖಾತೆ ನೀಡಿದ ಸಂಸ್ಥೆಯನ್ನು ಕೇಳಿ. ಬೀಗ ಎಷ್ಟು ಗಟ್ಟಿಯಾಗಿದ್ದರೇನು, ಬೀಗದ ಕೈ ಕಾಯುವವನು ನಿದ್ದೆ ಮಾಡುತ್ತಿದ್ದರೆ?