ಐದು ಡಾಲರಿನ ಊಟವನ್ನು ಅಳೆಯೋದು ಹೇಗೆ?

ಸಿಂಗಾಪುರಕ್ಕೆ ಹೊಸದಾಗಿ ಬಂದವರು ಮನೆ, ಸ್ಕೂಲು ಆದ ಮೇಲೆ ಕೇಳುವ ಪ್ರಶ್ನೆ ಇದು: "ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಹೋಗ್ತೀರಿ?" ಉತ್ತರವಾಗಿ ಅವರ ಫೋನಿಗೆ ಬರೋದು ಒಂದು ಪಟ್ಟಿ. ತಿನ್ನಲೇಬೇಕಾದ ಹತ್ತು ಅಂಗಡಿ, ಮಿಶೆಲಿನ್ ಮೆಚ್ಚಿದ ಇಪ್ಪತ್ತು ಅಂಗಡಿ, ಐದು ಡಾಲರಿಗೆ ಹೊಟ್ಟೆ ತುಂಬಿಸುವ ಮೂವತ್ತು ಅಂಗಡಿ. ಈ ಪಟ್ಟಿಗಳು ಸುಳ್ಳು ಹೇಳ್ತವೆ ಅಂತಲ್ಲ. ಆದರೆ ಅವು ಇರೋದು ಮೂರು ದಿನಕ್ಕೆ ಬಂದು ಹೋಗುವ ಪ್ರವಾಸಿಗೆ. ವಾರಕ್ಕೆ ಐದು ದಿನ, ವರ್ಷವಿಡೀ ಇಲ್ಲೇ ಉಣ್ಣುವವರಿಗೆ ಬೇಕಾದ ಅಳತೆಗೋಲು ಬೇರೆ.

ಪ್ರವಾಸಿ ಒಂದು ಅಂಗಡಿಗೆ ಹೋಗೋದು ಒಂದೇ ಸಲ, ಅವರಿಗೆ ಬೇಕಾಗಿರೋದು ನೆನಪಲ್ಲಿ ಉಳಿಯುವ ರುಚಿ. ದಿನದ ಊಟ ಹಾಗಲ್ಲ. ಅದು ನಾಳೆಯೂ ಬೇಕೆನ್ನಿಸಬೇಕು, ತಿಂದ ಮೇಲೆ ಮೂರು ಗಂಟೆಯ ಮೀಟಿಂಗಲ್ಲಿ ನಿದ್ದೆ ಬರಬಾರದು, ತಿಂಗಳ ಕೊನೆಯಲ್ಲಿ ಜೇಬು ಖಾಲಿಯಾಗಬಾರದು. ಮನೆಯ ಸಾರು ಅನ್ನವನ್ನು ನಾವು ಯಾವತ್ತೂ ನಕ್ಷತ್ರ ಕೊಟ್ಟು ಅಳೆದಿಲ್ಲ. ದಿನಾ ಉಂಡರೂ ಬೇಜಾರಾಗಲ್ಲ ಅನ್ನೋದೇ ಅದರ ಹೆಚ್ಚುಗಾರಿಕೆ. ಹಾಕರ್ ಸೆಂಟರಿನ ಒಳ್ಳೆಯ ಅಂಗಡಿಗಳಿಗೂ ಇರೋದು ಇದೇ ಗುಣ.

ಹಾಕರ್ ಸೆಂಟರ್ ಎಂದರೇನು ಎಂದು ಹೊಸಬರಿಗಾಗಿ ಎರಡು ಮಾತು. ಬೀದಿಯಲ್ಲಿ ತಳ್ಳುಗಾಡಿ ಇಟ್ಟು, ಹೆಗಲ ಮೇಲೆ ಅಡ್ಡೆ ಹೊತ್ತು ಮಾರುತ್ತಿದ್ದವರನ್ನು ಸರ್ಕಾರ 1971ರಿಂದ 1986ರವರೆಗೆ ಹಂತಹಂತವಾಗಿ ನಲ್ಲಿ, ಚರಂಡಿ, ಸೂರು ಇರುವ ಕಟ್ಟಡಗಳಿಗೆ ಕರೆತಂದಿತು. ಇವತ್ತು ಅಂಥ ನೂರಕ್ಕೂ ಹೆಚ್ಚು ಸೆಂಟರ್‌ಗಳಿವೆ. ಒಂದೊಂದು ಅಂಗಡಿಯೂ ಒಂದು ಸಣ್ಣ ಅಡುಗೆಮನೆ, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. 2020ರ ಡಿಸೆಂಬರಿನಲ್ಲಿ ಈ ಸಂಸ್ಕೃತಿ ಯುನೆಸ್ಕೋ ಪಟ್ಟಿಗೆ ಸೇರಿತು. ಬೆಂಗಳೂರಿನ ದರ್ಶಿನಿ ಬಲ್ಲವರಿಗೆ ಇದು ಪರಕೀಯ ಅನ್ನಿಸಲ್ಲ: ಸರ್ವಿಸ್ ಇಲ್ಲ, ಅಲಂಕಾರ ಇಲ್ಲ, ಕೊಟ್ಟ ದುಡ್ಡೆಲ್ಲ ತಟ್ಟೆಗೆ. ದರ್ಶಿನಿಯಲ್ಲಿ ಒಬ್ಬನೇ ಮಾಲೀಕ ಇಡ್ಲಿಯಿಂದ ಗೋಬಿ ಮಂಚೂರಿಯವರೆಗೆ ಎಲ್ಲವನ್ನೂ ಮಾಡಿಸ್ತಾನೆ. ಇಲ್ಲಿ ಒಬ್ಬ ಅಂಕಲ್ ಮೂವತ್ತು ವರ್ಷ ಒಂದೇ ನೂಡಲ್ಸ್ ಮಾಡಿರ್ತಾರೆ.

ಅಂಗಡಿಯನ್ನು ಓದೋದು

ಆ ವ್ಯತ್ಯಾಸದಿಂದಲೇ ಮೊದಲ ಸೂತ್ರ ಸಿಗುತ್ತದೆ. ಬೋರ್ಡಿನಲ್ಲಿ ಚಿತ್ರಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ನಾಲ್ಕೇ ಐಟಂ ಇರುವ ಅಂಗಡಿಯಲ್ಲಿ ಸಾಮಾನು ಬೇಗ ಖರ್ಚಾಗುತ್ತದೆ, ಕೈ ಪಳಗಿರುತ್ತದೆ. ಎರಡನೆಯದು ಕ್ಯೂ. ಕ್ಯೂ ಉದ್ದವನ್ನಲ್ಲ, ಅದರಲ್ಲಿ ನಿಂತವರನ್ನು ನೋಡಿ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇದ್ದರೆ ಅದು ಪಟ್ಟಿಯ ಅಂಗಡಿ. ಕೊರಳಲ್ಲಿ ಆಫೀಸಿನ ಕಾರ್ಡು, ಜೊತೆಗೆ ಚಪ್ಪಲಿಯಲ್ಲಿ ಬಂದ ಅಜ್ಜ ಅಜ್ಜಿಯರು ಇದ್ದರೆ ಅದು ದಿನದೂಟದ ಅಂಗಡಿ. ಮೂರನೆಯದು ಹೊತ್ತು. ಹನ್ನೆರಡರಿಂದ ಒಂದರವರೆಗೆ ಅಮೋಯ್ ಸ್ಟ್ರೀಟ್, ಮ್ಯಾಕ್ಸ್‌ವೆಲ್ ಎರಡೂ ಜಾತ್ರೆ. ಹನ್ನೊಂದೂವರೆಗೆ ಹೋದರೆ ಅದೇ ಊಟ, ಅರ್ಧ ಕ್ಯೂ. ಎರಡು ಗಂಟೆಗೆ ಹೋದರೆ ಒಳ್ಳೆಯ ಅಂಗಡಿಗಳಲ್ಲಿ ಖಾಲಿ ಪಾತ್ರೆ ಕಾಣಬಹುದು. ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಬಿದ್ದಿದ್ದರೆ ಯಾರೋ ಮರೆತು ಹೋಗಿದ್ದಾರೆ ಅಂದುಕೊಳ್ಳಬೇಡಿ. ಅದು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಇಲ್ಲಿನವರು ಅದಕ್ಕೆ "ಚೋಪ್" ಅಂತಾರೆ.

ಕಡಿಮೆ ದುಡ್ಡಿಗೆ ಎಲ್ಲಕ್ಕಿಂತ ಹೆಚ್ಚು ಊಟ ಸಿಗೋದು "ಚಾಯ್ ಪಂಗ್" ಅಂಗಡಿಯಲ್ಲಿ. ಗಾಜಿನ ಹಿಂದೆ ಹದಿನೈದು ಇಪ್ಪತ್ತು ಬಗೆಯ ಪಲ್ಯ, ಮೊಟ್ಟೆ, ಮೀನು. ಅನ್ನದ ತಟ್ಟೆ ಹಿಡಿದವರಿಗೆ ಬೆರಳು ತೋರಿಸುತ್ತಾ ಹೋಗಬೇಕು. ಒಂದು ಕಾಳು, ಎರಡು ತರಕಾರಿ ತಗೊಂಡರೆ ಮೂರೂವರೆ, ನಾಲ್ಕು ಡಾಲರಿಗೆ ಮುಗಿಯುತ್ತದೆ. ಬೆಲೆ ಎಷ್ಟೋ ಕಡೆ ಬರೆದಿರಲ್ಲ, ಆಂಟಿ ತಟ್ಟೆ ನೋಡಿ ಬಾಯಲ್ಲೇ ಲೆಕ್ಕ ಹೇಳ್ತಾರೆ. ಇಡೀ ಮೀನಿಗೆ ಬೆರಳು ತೋರಿಸಿದವರ ಬಿಲ್ಲು ದಿಢೀರ್ ಏರುತ್ತದೆ. ಆಹಾರ ಬರಹಗಾರರು ಈ ಅಂಗಡಿಗಳನ್ನು ಕಣ್ಣೆತ್ತಿ ನೋಡೋದು ಕಡಿಮೆ, ಫೋಟೋದಲ್ಲಿ ಅವು ಚೆನ್ನಾಗಿ ಕಾಣಲ್ಲವಲ್ಲ. ಆದರೆ ಈ ಊರಿನ ಕೆಲಸಗಾರರ ಹೊಟ್ಟೆ ತುಂಬಿಸುತ್ತಿರುವುದು ಇವೇ.

ಸಸ್ಯಾಹಾರಿಗಳಿಗೆ ಇಲ್ಲೊಂದು ಕಷ್ಟವಿದೆ. ತರಕಾರಿ ಅಂದರೆ ತರಕಾರಿ ಮಾತ್ರ ಅಂತ ಅರ್ಥವಲ್ಲ. ಸೊಪ್ಪಿನ ಪಲ್ಯದಲ್ಲಿ ಒಣ ಸಿಗಡಿ ಇರಬಹುದು, ಸಾಂಬಾಲ್‌ನಲ್ಲಿ ಬೆಲಾಚಾನ್ ಎಂಬ ಸಿಗಡಿ ಗೊಜ್ಜು ಇರುತ್ತದೆ, ಮೇಲೆ ಸುರಿಯುವ ಗ್ರೇವಿಗೆ ಒಂದೇ ಸೌಟು. ಇದಕ್ಕೆ ಮೂಗು ಮುರಿದು ಮ್ಯಾಗಿಗೆ ವಾಪಸ್ಸಾಗುವ ಬದಲು ಚೀನೀ ಬೌದ್ಧ ಸಸ್ಯಾಹಾರದ ಅಂಗಡಿ ಹುಡುಕಿ. ಸಾಕಷ್ಟು ಸೆಂಟರ್‌ಗಳಲ್ಲಿ ಅಂಥದ್ದು ಒಂದಾದರೂ ಇರುತ್ತದೆ. ಆ ಸಂಪ್ರದಾಯದಲ್ಲಿ ಮಾಂಸದ ಜೊತೆ ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ಮಡಿ ಅಡುಗೆ ಉಂಡು ಬೆಳೆದ ನಮ್ಮ ಎಷ್ಟೋ ಹಿರಿಯರು ಉಡುಪಿಯಿಂದ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ಅದೇ ನಿಯಮದ ಅಡುಗೆ ಸಿಕ್ಕಿದ್ದಕ್ಕೆ ಅಚ್ಚರಿಪಡ್ತಾರೆ. ಮೊಟ್ಟೆ ಬಗ್ಗೆ ಮಾತ್ರ ಕೇಳಿಕೊಳ್ಳಿ, ಕೆಲವರು ಬಳಸ್ತಾರೆ.

ಮಿಡ್ಲ್ ರೋಡಿನ ಫಾರ್ಚೂನ್ ಸೆಂಟರ್ ಇಂಥ ಊಟಕ್ಕೆ ಹೆಸರುವಾಸಿ. ಅದು ಅಲ್ಲೇ ಬೆಳೆದಿದ್ದಕ್ಕೂ ಕಾರಣವಿದೆ. ಪಕ್ಕದ ವಾಟರ್‌ಲೂ ಸ್ಟ್ರೀಟಿನಲ್ಲಿ ಕ್ವಾನ್ ಇಮ್ ದೇವಸ್ಥಾನ, ಅದಕ್ಕೆ ಹತ್ತಿಕೊಂಡಂತೆ ಶ್ರೀ ಕೃಷ್ಣನ್ ದೇವಸ್ಥಾನ. ಚೀನೀ ಭಕ್ತರು ಅಲ್ಲಿ ಕೈಮುಗಿದು ಇಲ್ಲಿಗೂ ಬಂದು ಊದುಬತ್ತಿ ಹಚ್ಚಿ ಹೋಗ್ತಾರೆ. ದೇವಸ್ಥಾನ ಇದ್ದ ಕಡೆ ಅದರ ನಿಯಮದ ಅಡುಗೆಗೂ ಗಿರಾಕಿ ಇರ್ತಾರೆ. ಇದು ಉಡುಪಿಯ ರಥಬೀದಿ ಬಲ್ಲವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ದೋಸೆಯ ಲೆಕ್ಕ

ಈಗ ಎಲ್ಲರೂ ಕಾಯುತ್ತಿರುವ ವಿಷಯ. ಸೆರಂಗೂನ್ ರೋಡಿನಲ್ಲಿ 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ ಇದೆ. 2013ರಲ್ಲಿ ಬೆಂಗಳೂರಿನ ಎಂಟಿಆರ್ ಕೂಡ ಅದೇ ರಸ್ತೆಗೆ ಬಂತು. ಇವುಗಳಿಗೆ ನಾವು ಹೋಗೋದು ಊಟಕ್ಕಷ್ಟೇ ಅಲ್ಲ, ಊರಿನ ನೆನಪಿಗೂ ಹೋಗ್ತೀವಿ. ಅದು ತಪ್ಪಲ್ಲ. ಆದರೆ ಊರಿನ ನೆನಪಿಗೆ ಕೊಟ್ಟ ದುಡ್ಡನ್ನು ಊಟದ ಲೆಕ್ಕಕ್ಕೆ ಬರೆದು "ಸಿಂಗಾಪುರದಲ್ಲಿ ಎಲ್ಲಾ ದುಬಾರಿ" ಅನ್ನೋದು ಸರಿಯಲ್ಲ. ಅದೇ ರಸ್ತೆಯ ತುದಿಯಲ್ಲಿ ಟೆಕ್ಕಾ ಸೆಂಟರ್ ಇದೆ. ಮಲಯ್ ಭಾಷೆಯಲ್ಲಿ ಆ ಜಾಗದ ಹಳೆಯ ಹೆಸರು ಕಂಡಾಂಗ್ ಕರ್ಬಾವ್, ಅಂದರೆ ಎಮ್ಮೆ ಕೊಟ್ಟಿಗೆ. ಅಲ್ಲಿನ ಅಂಗಡಿಗಳ ಬೋರ್ಡಿನಲ್ಲಿ ದೋಸೆ "ತೋಸೈ" ಆಗಿದೆ, ಹೆಸರಿನ ಜೊತೆ ರುಚಿಯೂ ತಮಿಳು. ಗರಿಗರಿ ಬೆಣ್ಣೆ ಮಸಾಲೆ ದೋಸೆ ಹುಡುಕಿಕೊಂಡು ಹೋದವರಿಗೆ ನಿರಾಸೆ ಖಂಡಿತ. ಆದರೆ ಹುಳಿ ಹದವಾಗಿ ಬಂದ, ಮೆತ್ತಗಿನ ಸಾದಾ ತೋಸೈ ಜೊತೆ ಬಿಸಿ ಸಾಂಬಾರು ಒಳ್ಳೆಯ ಊಟವೇ. ಅದನ್ನು ಅದರ ಅಳತೆಯಲ್ಲೇ ನೋಡಬೇಕು. ಬೆಂಗಳೂರಿನ ದೋಸೆ ಆಗಿಲ್ಲ ಅಂತ ಅದಕ್ಕೆ ಅಂಕ ಕಳೆಯೋದು ವಿಮರ್ಶೆ ಅಲ್ಲ.

ಬೆಲೆಯ ಬಗ್ಗೆ ಇನ್ನೊಂದು ಲೆಕ್ಕ. ಎಷ್ಟೋ ರೆಸ್ಟೋರೆಂಟುಗಳ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇರುತ್ತದೆ. ಒಂದು 10% ಸೇವಾ ಶುಲ್ಕ, ಇನ್ನೊಂದು 2024ರಿಂದ 9% ಆಗಿರುವ ಜಿಎಸ್‌ಟಿ. 10 ಡಾಲರ್ ಅಂತ ಕಂಡದ್ದು ಬಿಲ್ಲಿನಲ್ಲಿ 11.99 ಆಗುತ್ತದೆ. ಹಾಕರ್ ಅಂಗಡಿಯಲ್ಲಿ ಬೋರ್ಡಿನ ಬೆಲೆಯೇ ಕೊನೆಯ ಬೆಲೆ.

ಪಾರ್ಸೆಲ್ ಎಂಬ ಬೇರೆ ಪರೀಕ್ಷೆ

ನಾವು "ಪಾರ್ಸೆಲ್" ಅನ್ನೋದನ್ನು ಇಲ್ಲಿನ ಚೀನೀಯರು "ತಾಪಾವ್" ಅಂತಾರೆ, ಮಲಯ್ ಮಾತಾಡುವವರು "ಬುಂಗ್‌ಕುಸ್" ಅಂತಾರೆ. ತಟ್ಟೆಯಲ್ಲಿ ಗೆದ್ದ ತಿಂಡಿ ಡಬ್ಬಿಯಲ್ಲಿ ಸೋಲಬಹುದು. ಮಸಾಲೆ ದೋಸೆ ಹತ್ತು ನಿಮಿಷದಲ್ಲಿ ಒದ್ದೆ ಬಟ್ಟೆ. ಪ್ರಾಟಾ, ಅಂದರೆ ನಮ್ಮ ಪರೋಟದ ತಮ್ಮ, ಕಾಗದದೊಳಗೆ ರಬ್ಬರಾಗುತ್ತದೆ. ಸಾರಿನ ನೂಡಲ್ಸನ್ನು ಸಾರು ಬೇರೆ ಮಾಡಿ ಕೊಡಿ ಅಂತ ಕೇಳಿ, ಇಲ್ಲದಿದ್ದರೆ ಆಫೀಸು ಸೇರುವಾಗ ಮುದ್ದೆ. ಪ್ರಯಾಣ ತಡೆಯೋದು ಚಿಕನ್ ರೈಸ್, ಬಿರಿಯಾನಿ, ಸಸ್ಯಾಹಾರಿಗಳಿಗೆ ಬೀ ಹೂನ್ ಎಂಬ ಅಕ್ಕಿ ಶಾವಿಗೆ. ಚಿತ್ರಾನ್ನ ಕಟ್ಟಿಕೊಂಡು ಟ್ರೈನ್ ಹತ್ತಿದವರಿಗೆ ಈ ತತ್ವ ಗೊತ್ತು: ಆರಿದ ಮೇಲೂ ರುಚಿ ಇರೋದನ್ನೇ ಕಟ್ಟಿಸಿಕೊಳ್ಳಬೇಕು.

ಅಗ್ಗ ಯಾರ ಖರ್ಚಿನಲ್ಲಿ?

ಆಹಾರ ಬರಹಗಳ ಬಗ್ಗೆ ನನ್ನ ದೊಡ್ಡ ತಕರಾರು ಇರೋದು ಇಲ್ಲಿ. ಅವು ಹಾಕರ್ ಊಟವನ್ನು ಹೊಗಳುವಾಗ ಮೊದಲು ಬರುವ ಪದ "ಅಗ್ಗ". 2016ರಲ್ಲಿ ಚೈನಾಟೌನಿನ ಒಂದು ಸೋಯಾ ಸಾಸ್ ಚಿಕನ್ ಅಂಗಡಿಗೆ ಮಿಶೆಲಿನ್ ನಕ್ಷತ್ರ ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದದ್ದು "ಜಗತ್ತಿನ ಅತಿ ಅಗ್ಗದ ನಕ್ಷತ್ರದೂಟ" ಅಂತ. ಕೋಳಿ ಹೇಗಿತ್ತು ಅನ್ನೋದು ಆಮೇಲೆ ಬಂತು. 2021ರಲ್ಲಿ ಆ ನಕ್ಷತ್ರ ಹೋಯಿತು. ಅಗ್ಗ ಅನ್ನೋದೇ ಮುಖ್ಯ ಗುಣ ಅಂತ ಒಪ್ಪಿಬಿಟ್ಟರೆ, ಐವತ್ತು ಸೆಂಟ್ಸ್ ಏರಿಸಿದ ದಿನ ಅಂಕಲ್ ಅಪರಾಧಿ ಆಗ್ತಾರೆ. ಆರು ಏಳು ಡಾಲರಿನ ಲಾಟೆ ಕೈಯಲ್ಲಿ ಹಿಡಿದುಕೊಂಡೇ "ಇಲ್ಲೂ ರೇಟ್ ಜಾಸ್ತಿ ಆಯ್ತು" ಅನ್ನುವವರು ನಮ್ಮ ನಡುವೆಯೇ ಇದ್ದಾರೆ.

ಈ ಅಗ್ಗ ಹೇಗೆ ನಿಂತಿದೆ ನೋಡಿ. ಬೀದಿಯಿಂದ ಬಂದ ಮೊದಲ ತಲೆಮಾರಿನ ಅಂಗಡಿಗಳಿಗೆ ಸರ್ಕಾರ ರಿಯಾಯಿತಿ ಬಾಡಿಗೆ ಕೊಟ್ಟಿದೆ. ಅವರು ತಮ್ಮ ದುಡಿಮೆಗೆ ಬೆಲೆ ಕಟ್ಟದೆ ನಸುಕಿನಲ್ಲೇ ಎದ್ದು ಬರ್ತಾರೆ. ಹಾಕರ್‌ಗಳ ವಯಸ್ಸಿನ ಮಧ್ಯಾಂಕ 60ರ ಆಸುಪಾಸು. ಹೊಸಬರು ಅಂಗಡಿ ಹಿಡಿಯಬೇಕಾದರೆ ಟೆಂಡರ್ ಹಾಕಬೇಕು, 2024ರಲ್ಲಿ ಮರೀನ್ ಪರೇಡಿನ ಒಂದು ಅಂಗಡಿಗೆ ತಿಂಗಳಿಗೆ ಹತ್ತು ಸಾವಿರ ಡಾಲರ್ ದಾಟಿದ ಬಿಡ್ ಬಂತು. ಎಲ್ಲ ಅಂಗಡಿಗಳ ಬಾಡಿಗೆ ಹಾಗಿಲ್ಲ, ಕಡಿಮೆಯೂ ಇವೆ. ಆದರೂ ಐದು ಡಾಲರಿನ ತಟ್ಟೆ ಎಷ್ಟು ಮಾರಿದರೆ ಬಾಡಿಗೆ, ಗ್ಯಾಸು, ಎಣ್ಣೆ, ಕೂಲಿ ಹುಟ್ಟುತ್ತದೆ ಅನ್ನೋದು ನಮ್ಮಂಥ ಸಂಬಳದವರು ಎಕ್ಸೆಲ್‌ನಲ್ಲಿ ಒಮ್ಮೆ ಮಾಡಿ ನೋಡಬೇಕಾದ ಲೆಕ್ಕ. ಅಂಗಡಿಯವರ ಮಕ್ಕಳು ಆ ಲೆಕ್ಕ ಮಾಡಿ ಬ್ಯಾಂಕಿಗೆ ಕೆಲಸಕ್ಕೆ ಹೋಗಿದ್ದಾರೆ.

ಹಾಗಂತ ಬೆಲೆ ಏರಲಿ ಬಿಡಿ ಅನ್ನೋದೂ ಸುಲಭದ ಉತ್ತರ. ಈ ಮೇಜುಗಳಲ್ಲಿ ನಮ್ಮ ಪಕ್ಕ ಕೂರುವ ಕ್ಲೀನರ್, ಡೆಲಿವರಿ ಹುಡುಗ, ಪಿಂಚಣಿಯ ಅಜ್ಜಿಗೆ ಐವತ್ತು ಸೆಂಟ್ಸ್ ಸಣ್ಣದಲ್ಲ. ಅದಕ್ಕೇ ಹೌಸಿಂಗ್ ಬೋರ್ಡಿನ ಕಾಫಿ ಶಾಪುಗಳಲ್ಲಿ ಮೂರೂವರೆ ಡಾಲರಿನ ಒಳಗಿನ ಬಜೆಟ್ ಊಟ ಇಡುವ ನಿಯಮ ಬಂತು. ನಿಯಮದ ಉದ್ದೇಶ ಒಳ್ಳೆಯದೇ, ಆದರೆ ಅದರ ಭಾರವೂ ಕೊನೆಗೆ ಬಾಣಲೆ ಹಿಡಿದವರ ಮೇಲೆ ಬೀಳುವ ಅಪಾಯ ಇದೆ. ಎಲ್ಲರಿಗೂ ಅಗ್ಗದ ಊಟ ಬೇಕು ಅಂತ ಒಂದು ಊರು ತೀರ್ಮಾನಿಸಿದರೆ ಅದರ ಖರ್ಚನ್ನು ಊರೇ ಹಂಚಿಕೊಳ್ಳಬೇಕು. ಆ ಖರ್ಚನ್ನು ಅರವತ್ತು ದಾಟಿದವರ ಬೆನ್ನಿನ ಮೇಲೆ ಹೊರಿಸಿ, ಯುನೆಸ್ಕೋ ಫಲಕ ಹಾಕಿ ಹೆಮ್ಮೆ ಪಡೋದು ಸಾಲದು.

ಊಟಕ್ಕೆ ಹೋಗುವ ನಾವು ಮಾಡಬಹುದಾದದ್ದು ಸಣ್ಣದು, ಆದರೆ ಇದೆ. ಪಟ್ಟಿ ಬಿಟ್ಟು ಆಫೀಸಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ ಮೂರು ಅಂಗಡಿ ಹುಡುಕಿಕೊಳ್ಳಿ: ಒಂದು ಅನ್ನಕ್ಕೆ, ಒಂದು ನೂಡಲ್ಸಿಗೆ, ಒಂದು ತರಕಾರಿಗೆ. ತಿಂಗಳು ಪೂರ್ತಿ ಅಲ್ಲೇ ತಿನ್ನಿ. ಬೆಲೆ ಏರಿದಾಗ ಗೊಣಗದೆ ಕೊಡಿ. ತಟ್ಟೆ ಹಿಂದಿರುಗಿಸಿ, ಅದು 2021ರಿಂದ ಕಾನೂನೂ ಹೌದು. ಮಕ್ಕಳಿಗೆ ಅಂಕಲ್ ಹತ್ತಿರ ಅವರೇ ಆರ್ಡರ್ ಮಾಡೋದು ಕಲಿಸಿ. ಯಾರಾದರೂ ಹೊಸಬರು ಕೇಳಿದಾಗ "ಅಗ್ಗ ಇದೆ" ಅನ್ನುವ ಮೊದಲು ಆ ಊಟದಲ್ಲಿ ಏನು ಚೆನ್ನಾಗಿದೆ ಅಂತ ಒಂದು ವಾಕ್ಯ ಹೇಳಿ.