ಬಜೆಟ್ ಎಂಬ ಕೃತಿಯನ್ನು ಓದುವ ಬಗೆ

ಕವಿತೆಯನ್ನು ಹೇಗೆ ಓದಬೇಕು ಅಂತ ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟರು. ಬಜೆಟ್ಟನ್ನು ಹೇಗೆ ಓದಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಅದು ಅಂಕಿ ಬಲ್ಲವರ ಓದು ಎಂದು ನಮ್ಮನ್ನು ಹೊರಗಿಟ್ಟರು. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕೇರಿಗಳ ಮಟ್ಟಿಗೆ ಯಾವ ಮಹಾಕಾವ್ಯಕ್ಕಿಂತ ಹೆಚ್ಚಾಗಿ ಬದುಕನ್ನು ಕಟ್ಟುವ, ಕೆಡಿಸುವ ಕೃತಿ ಇದೇ. ಇದಕ್ಕೂ ವಿಮರ್ಶೆ ಬೇಕು.

ಈ ಕೃತಿಯ ಮೊದಲ ಲಕ್ಷಣವೆಂದರೆ ಇದರಲ್ಲಿ 'ಕಡಿತ' ಎಂಬ ಶಬ್ದ ಬರುವುದಿಲ್ಲ. ಹಂಚಿಕೆ ಬದಲಾಯಿತು, ಯೋಜನೆ ವಿಲೀನವಾಯಿತು, ಪರಿಷ್ಕರಣೆಯಾಯಿತು ಎನ್ನುತ್ತದೆ. 2015-16ರ ಬಜೆಟ್ಟಿನಲ್ಲಿ ಕೇಂದ್ರ ಸರಕಾರ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆಯ ಹಣವನ್ನು ಹಿಂದಿನ ಬಜೆಟ್ಟಿನ ಅರ್ಧಕ್ಕೂ ಕೆಳಗಿಳಿಸಿತು. ತೆರಿಗೆಯಲ್ಲಿ ರಾಜ್ಯಗಳ ಪಾಲು ಶೇಕಡಾ 32ರಿಂದ 42ಕ್ಕೆ ಏರಿದೆ, ಅವರೇ ನೋಡಿಕೊಳ್ಳಲಿ ಎಂಬುದು ಕಾರಣ. ಗದ್ದಲವಾದ ಮೇಲೆ ವರ್ಷದ ನಡುವೆ ಪೂರಕ ಹಣ ಬಂತು. ಗದ್ದಲವಾಗದಿದ್ದರೆ?

ಇನ್ನೊಂದು ಬಗೆಯ ಕಡಿತ ಇನ್ನೂ ಜಾಣತನದ್ದು. ಅಂಕಿಯನ್ನು ಮುಟ್ಟುವುದೇ ಇಲ್ಲ, ಇದ್ದಲ್ಲೇ ಬಿಡುವುದು. ಬಿಸಿಯೂಟದ ಅಡುಗೆಯವರಿಗೆ 2009ರಲ್ಲಿ ಕೇಂದ್ರ ಗೊತ್ತುಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ. ಅಂಗನವಾಡಿ ಮಗುವಿನ ದಿನದ ಪೂರಕ ಆಹಾರಕ್ಕೆ 2017ರಲ್ಲಿ ಗೊತ್ತುಮಾಡಿದ್ದು 8 ರೂಪಾಯಿ. ಬೇಳೆ ಏರಿತು, ಎಣ್ಣೆ ಏರಿತು, ಗ್ಯಾಸ್ ಏರಿತು; ಅಂಕಿ ಮಾತ್ರ ವರ್ಷಗಟ್ಟಲೆ ಕೂತಲ್ಲೇ ಕೂತಿತು. ರಾಜ್ಯ ತನ್ನ ಕೈಯಿಂದ ಅಷ್ಟಿಷ್ಟು ಸೇರಿಸಿದ್ದಕ್ಕೆ ಒಲೆ ಉರಿದಿದೆ. ರೊಕ್ಕ ಅಷ್ಟೇ ಇದ್ದು ಚೀಲ ಸಣ್ಣದಾಗ್ತದ ಅನ್ನೋದು ಸಂತೆಗೆ ಹೋಗುವ ನಮ್ಮ ಅವ್ವಂದಿರಿಗೆ ಗೊತ್ತು. ಅರ್ಥಶಾಸ್ತ್ರಜ್ಞರು ಬಂದು ಹೇಳಬೇಕಿಲ್ಲ.

2022ರಲ್ಲಿ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 1ರಿಂದ 8ನೆಯ ಇಯತ್ತೆಯವರೆಗೆ ನಿಲ್ಲಿಸಿ, 9 ಮತ್ತು 10ಕ್ಕೆ ಮಾತ್ರ ಉಳಿಸಿದರು. ಶಿಕ್ಷಣ ಹಕ್ಕು ಕಾಯ್ದೆಯಂತೆ 8ರವರೆಗೆ ಓದು ಉಚಿತವಿದೆಯಲ್ಲ, ಇನ್ನೇಕೆ ಎಂದರು. ತರ್ಕ ಚಂದ ಐತಿ. ಆದರೆ ಬನಹಟ್ಟಿಯ ಮಗ್ಗದ ಮನೆಯಲ್ಲಿ ಮಗು ಸಾಲಿಗೆ ಹೋದರೆ ಕಂಡಿಕೆ ಸುತ್ತುವ ಕೈ ಒಂದು ಕಡಿಮೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ತಾಯಿ ಹೊಲದಲ್ಲಿದ್ದಾಗ ತಮ್ಮನನ್ನು ಎತ್ತಿಕೊಳ್ಳುವವಳು ಎಂಟು ವರ್ಷದ ಅಕ್ಕ. ಫೀ ಇಲ್ಲ ಅಂದ ಮಾತ್ರಕ್ಕೆ ಸಾಲಿ ಪುಕ್ಕಟೆ ಆಗುವುದಿಲ್ಲ. ಸಣ್ಣ ಮಕ್ಕಳಿಗೆ ವರ್ಷಕ್ಕೆ ಸಿಗುತ್ತಿದ್ದ ಸಾವಿರ ರೂಪಾಯಿ ಆ ಕೈಯನ್ನು ಕೆಲಸದಿಂದ ಬಿಡಿಸಿ ಪಾಟಿ ಹಿಡಿಸಲು ಒಂದು ನೆಪವಾಗಿತ್ತು. ಆ ನೆಪವನ್ನು ಕಿತ್ತುಕೊಂಡರು.

ಇದು ದಿಲ್ಲಿಯ ಕತೆ ಎಂದು ಬೆಂಗಳೂರು ನಗಬೇಕಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕಂತೆ, ಅಂದರೆ ಶೇಕಡಾ 24.1ರಷ್ಟು ಹಣವನ್ನು ಅವರ ಏಳಿಗೆಗೇ ಇಡಬೇಕೆಂಬ ಕಾಯ್ದೆ ಕರ್ನಾಟಕದಲ್ಲಿ 2013ರಲ್ಲಿ ಬಂತು. ಹಣವನ್ನು ಬೇರೆಡೆ ಸುರಿದು ದಲಿತರಿಗೇ ಆಯಿತೆಂದು ಬರೆದುಕೊಳ್ಳಲು ದಾರಿ ಮಾಡಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದುಹಾಕಿದರು. ನಾವೂ ಚಪ್ಪಾಳೆ ತಟ್ಟಿದೆವು. ಆದರೆ ಅದೇ 2023-24ರಲ್ಲಿ ಸುಮಾರು 11,000 ಕೋಟಿ, 2024-25ರಲ್ಲಿ 14,282 ಕೋಟಿ ರೂಪಾಯಿಯನ್ನು ಈ ಉಪಯೋಜನೆಯಿಂದ ಗ್ಯಾರಂಟಿಗಳಿಗೆ ತೋರಿಸಿದರು. ಗ್ಯಾರಂಟಿ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅವ್ವನ ಕೈಗೆ ಬರುವ ಎರಡು ಸಾವಿರ ಸುಳ್ಳಲ್ಲ, ಟಿಕೀಟಿಲ್ಲದೆ ಬಸ್ಸು ಹತ್ತುವ ಅಕ್ಕನ ಧೈರ್ಯ ಸುಳ್ಳಲ್ಲ. ಆದರೆ ಊರಿಗೆಲ್ಲ ಬಡಿಸಿದ ಊಟವನ್ನು ನಮ್ಮ ಪಾಲಿನ ಲೆಕ್ಕದಲ್ಲಿ ಬರೆಯುವುದು ಯಾವ ನ್ಯಾಯ? ಆ ಹಣ ಹಾಸ್ಟೆಲ್ಲಿನ ಹೊಸ ಕೋಣೆಯಾಗಬೇಕಿತ್ತು, ಪುಸ್ತಕವಾಗಬೇಕಿತ್ತು. ಮನೆತನದಲ್ಲೇ ಮೊದಲ ಡಿಗ್ರಿ ಪಡೆದ ನಮ್ಮಂಥವರು ಹಾಸ್ಟೆಲ್ಲಿನ ಅನ್ನದಿಂದ ಅಕ್ಷರಕ್ಕೆ ಬಂದವರು. ಅದರ ಬೆಲೆ ಗೊತ್ತಿರುವುದರಿಂದಲೇ ಕೇಳುತ್ತಿದ್ದೇವೆ.

ರನ್ನ ನಮ್ಮ ಮುಧೋಳದವನೆಂದು ವೇದಿಕೆಗಳಲ್ಲಿ ಎದೆ ಉಬ್ಬಿಸುತ್ತಾರೆ. ಆತ ಬಳೆಗಾರರ ಮನೆಯ ಹುಡುಗ. ಓದಿಸಲು ಅಜಿತಸೇನಾಚಾರ್ಯರು, ಆಸರೆಗೆ ಚಾವುಂಡರಾಯ ಸಿಕ್ಕಿದ್ದರಿಂದ ಕವಿಚಕ್ರವರ್ತಿಯಾದ. ಯಾರೂ ಸಿಗದೆ ಬಳೆ ಮಲಾರ ಹೊತ್ತೇ ಮುಗಿದುಹೋದ ಹುಡುಗರ ಹೆಸರು ಯಾವ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲ. ಸಂಸ್ಥಾನಗಳ ಕಾಲದಲ್ಲೂ ಅಷ್ಟೆ: ಜಮಖಂಡಿಯಲ್ಲಿ ಪಟವರ್ಧನರ ಮರ್ಜಿ, ಮುಧೋಳದಲ್ಲಿ ಘೋರ್ಪಡೆಯವರ ಮರ್ಜಿ. 1948ರಲ್ಲಿ ಆ ಸಂಸ್ಥಾನಗಳು ಹೋದವು, 1950ರಲ್ಲಿ ಸಂವಿಧಾನ ಬಂತು. ಇನ್ನು ಮಕ್ಕಳ ಓದು ದೊರೆಯ ಮರ್ಜಿಯಲ್ಲ, ಹಕ್ಕು ಎಂದೆವು. ಬಜೆಟ್ಟಿನ ಕಡಿತವೆಂದರೆ ಆ ಹಕ್ಕನ್ನು ಮತ್ತೆ ಮರ್ಜಿಗೆ ತಳ್ಳುವುದು. ಕಬ್ಬು ಕೊಟ್ಟಿದ್ದೇವೆ, ಬಟ್ಟೆ ಕೊಟ್ಟಿದ್ದೇವೆ, ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ಸೀಮೆಯ ಊರುಗಳನ್ನೇ ಕೊಟ್ಟಿದ್ದೇವೆ. ನಾವು ಬೇಡುತ್ತಿಲ್ಲ.

ಗೆಳೆಯರೆ, ಮಾಸ್ತರರೆ, ಈ ಕೃತಿಯನ್ನು ಊರೂರಲ್ಲಿ ಓದೋಣ. ಹಾಸ್ಟೆಲ್ಲಿಗೆ ಎಷ್ಟು ಅರ್ಜಿ ಬಂದವು, ಎಷ್ಟು ಸೀಟು ಕೊಟ್ಟರು? ಅಂಗನವಾಡಿಗೆ ಎಷ್ಟು ರೇಷನ್ ಬರಬೇಕಿತ್ತು, ಎಷ್ಟು ಬಂತು? 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಬರೆಯಲು ಒಂದು ಹಾಳೆ ಸಾಕು. ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳೋಣ. ಮಕ್ಕಳ ಗ್ರಾಮಸಭೆ ನಡೆಯುವ ದಿನ ಮಕ್ಕಳ ಕೈಯಿಂದಲೇ ಓದಿಸೋಣ.