ಮಾಡಿನ ಮೇಲಿನ ಆಂಟೆನಾ

ಶಿವಮೊಗ್ಗೆಯ ಕೋಟೆಯ ಹೆಂಚಿನ ಮಾಡುಗಳ ಮೇಲೆ ಕಬ್ಬಿಣದ ಕೊಳವೆಯ ತುದಿಯಲ್ಲಿ ನಿಂತು, ಮಾಸಿಕ ಶುಲ್ಕವೊಂದನ್ನೂ ಅಪೇಕ್ಷಿಸದೆ ದೂರದರ್ಶನವನ್ನು ಮನೆಯೊಳಕ್ಕೆ ಇಳಿಸುತ್ತಿದ್ದ ಅಲ್ಯೂಮಿನಿಯಂ ಆಂಟೆನಾದಷ್ಟು ಸರಳಸುಂದರವಾದ ಉಪಕರಣಗಳು ವಿರಳ. 1926ರಲ್ಲಿ ಜಪಾನಿನ ವಿದ್ವಾಂಸರಾದ ಉಡ ಮತ್ತು ಯಾಗಿ ಲೋಕಕ್ಕೆ ನೀಡಿದ ಈ ರಚನೆಯಲ್ಲಿ, ತರಂಗದ ಅರ್ಧದಷ್ಟು ಉದ್ದದ ಮಡಿಸಿದ ಸರಳು ಸಂಕೇತವನ್ನು ಗ್ರಹಿಸಿದರೆ, ಹಿಂದಣ ನೀಳವಾದ ಸರಳು ಅದನ್ನು ಪ್ರತಿಫಲಿಸುವುದು. ಮುಂದಣ ಗಿಡ್ಡ ಸರಳುಗಳು ಅದನ್ನು ಒಳಗೆ ಬರಮಾಡಿಕೊಳ್ಳುವುವು. ಚಾನೆಲ್ಲಿಗೆ ತಕ್ಕ ಅಳತೆಯದನ್ನು ಆರಿಸಿ, ಪ್ರಸಾರಗೋಪುರಕ್ಕೆ ಅಭಿಮುಖವಾಗಿಸಿ, ಒಬ್ಬರು ಮೇಲೆ ಕೊಳವೆಯನ್ನು ಮೆಲ್ಲಗೆ ತಿರುಗಿಸುತ್ತಿರಲು, ಕೆಳಗಿನವರು “ಸಾಕು, ಸಾಕು, ಬಂತು!” ಎಂದು ಕೂಗುತ್ತಿದ್ದರು. ಇಂದು ಆ ಉಚಿತ ಸೇವೆಯನ್ನು ಆಗ್ನೇಯಕ್ಕೆ ಮುಖಮಾಡಿದ ಫ್ರೀ ಡಿಶ್ ತಟ್ಟೆ ಮುಂದುವರಿಸಿದೆಯಾದರೂ, ಬಡವ ಬಲ್ಲಿದರೆಂಬ ಭೇದವಿಲ್ಲದೆ ಆಕಾಶವನ್ನು ಸರ್ವರ ಸೊತ್ತಾಗಿಸಿದ ಆದಿಗೌರವ ಆ ಸರಳುಗಳಿಗೇ ಸಲ್ಲತಕ್ಕದ್ದು.